ಶಿಯಾನ್‌ಗೆ ಒಬ್ಬರೇ ಮೂರು ದಿನ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಚೀನಾದ ಶಿಯಾನ್‌ಗೆ ಒಬ್ಬರೇ ಹೋಗಿ ಬಂದವರನ್ನು ಕೇಳಿದರೆ ದೂರುಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಹಳೆಯ ಚಕ್ರವರ್ತಿಯ ಸಮಾಧಿ ಬಳಿ ಹೂತಿಟ್ಟ ಮಣ್ಣಿನ ಸೈನಿಕರ, ಅಂದರೆ ಟೆರಾಕೋಟಾ ಸೈನ್ಯದ ಬಾಗಿಲವರೆಗೆ ಹೋದೆ, ಟಿಕೆಟ್ ಸಿಗಲಿಲ್ಲ. ಜೇಬಲ್ಲಿ ಕಾರ್ಡ್ ಇತ್ತು, ಒಂದು ಬಾಟಲಿ ನೀರು ಕೊಳ್ಳಲಾಗಲಿಲ್ಲ. ಹೋಟೆಲ್‌ನ ವೈಫೈ ಇತ್ತು, ವಾಟ್ಸಾಪ್ ಹೋಗಲಿಲ್ಲ, ಮನೆಯಲ್ಲಿ ಅಮ್ಮ ರಾತ್ರಿಯೆಲ್ಲಾ ನಿದ್ದೆ ಮಾಡಲಿಲ್ಲ. ಮೂರು ದಿನ ಬಾಳೆಹಣ್ಣು, ಬಿಸ್ಕತ್ತಲ್ಲೇ ಕಳೆದೆ.

ಇವು ಶಿಯಾನ್‌ನಲ್ಲಿ ಆದ ತಪ್ಪುಗಳಲ್ಲ. ಎಲ್ಲವೂ ಊರಲ್ಲಿದ್ದಾಗಲೇ ಆಗಿಹೋದವು. ಈ ಪ್ರವಾಸದ ಕೆಲಸಗಳು ಒಂದರ ಮೇಲೊಂದು ನಿಂತಿವೆ. ಒಟಿಪಿ ಬರದಿದ್ದರೆ ಅಲಿಪೇ, ಅಂದರೆ ಅಲ್ಲಿ ದುಡ್ಡು ಕೊಡಲು ಬಳಸುವ ಆ್ಯಪ್, ಇಲ್ಲ. ಅಲಿಪೇ ಇಲ್ಲದಿದ್ದರೆ ಮೆಟ್ರೋ, ಟ್ಯಾಕ್ಸಿ, ಊಟ ಎಲ್ಲಕ್ಕೂ ಪರದಾಟ. ಪಾಸ್‌ಪೋರ್ಟಿನ ಹೆಸರು ಸರಿಯಾಗಿ ತುಂಬದಿದ್ದರೆ ಟಿಕೆಟ್ ಇದ್ದೂ ಇಲ್ಲದ ಹಾಗೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಹಿಂದುಮುಂದು ಮಾಡಬೇಡಿ.

ಕೈಯಲ್ಲಿ ಇರಲೇಬೇಕಾದವು

ಕನಿಷ್ಠ 6 ತಿಂಗಳು ಬಾಕಿ ಇರುವ, 2 ಖಾಲಿ ಪುಟಗಳಿರುವ ಪಾಸ್‌ಪೋರ್ಟ್. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿನ ಎರಡು ಕಾರ್ಡ್, ಸಾಧ್ಯವಾದರೆ ಬೇರೆ ಬೇರೆ ಬ್ಯಾಂಕಿನವು. ಎರಡು ಸಿಮ್ ಹಿಡಿಯುವ ಫೋನ್. ಚಪ್ಪಟೆ ಪಿನ್ನಿನ ಅಡಾಪ್ಟರ್, ಯಾಕೆಂದರೆ ನಮ್ಮ ದುಂಡು ಪಿನ್ ಅಲ್ಲಿ ಎಲ್ಲ ಕಡೆ ಕೂರುವುದಿಲ್ಲ. ವೋಲ್ಟೇಜ್ ಅಲ್ಲಿ 220, ನಮ್ಮ 230ಕ್ಕೆ ಹತ್ತಿರವೇ, ಅದರ ಚಿಂತೆ ಬೇಡ. ಟಿಶ್ಯೂ ಪೇಪರ್ ಮತ್ತು ಒಂದು ಖಾಲಿ ನೀರಿನ ಬಾಟಲಿ. ಎಷ್ಟೋ ಸಾರ್ವಜನಿಕ ಶೌಚಾಲಯಗಳಲ್ಲಿ ಪೇಪರ್ ಇರುವುದಿಲ್ಲ, ನೀರಂತೂ ಇರುವುದೇ ಇಲ್ಲ.

ಹಂತ 1: ದಿನಾಂಕ ಗೊತ್ತು ಮಾಡಿ

ವಿಮಾನದ ದರ ನೋಡುವ ಮುಂಚೆ ಚೀನಾದ ರಜೆಗಳನ್ನು ನೋಡಿ. ಅಕ್ಟೋಬರ್ 1ರಿಂದ ಒಂದು ವಾರ, ಮೇ 1ರ ಸುತ್ತಲಿನ ದಿನಗಳು, ಜನವರಿ–ಫೆಬ್ರವರಿಯಲ್ಲಿ ಬರುವ ಚೀನೀ ಹೊಸವರ್ಷ, ಈ ಮೂರನ್ನು ಬಿಟ್ಟುಬಿಡಿ. ಇಡೀ ದೇಶವೇ ಆಗ ರಸ್ತೆಯಲ್ಲಿರುತ್ತದೆ. ನಮ್ಮಲ್ಲಿ ದಸರಾ ರಜೆಗೆ ಅಕ್ಟೋಬರ್ ಮೊದಲ ವಾರವೇ ಅನುಕೂಲ ಅನಿಸುತ್ತದೆ. ಜಾಸ್ತಿ ಜನ ಎಡವುವುದು ಅಲ್ಲೇ.

ಏಪ್ರಿಲ್, ಮೇ ತಿಂಗಳ ಮಧ್ಯಭಾಗ, ಸೆಪ್ಟೆಂಬರ್, ಅಕ್ಟೋಬರ್ ಕೊನೆ, ಇವು ಒಳ್ಳೆಯ ಸಮಯ. ಜುಲೈನಲ್ಲಿ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ. ಜನವರಿಯಲ್ಲಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ.

ಮೂರು ಪೂರ್ತಿ ದಿನ, ನಾಲ್ಕು ರಾತ್ರಿ ಇಟ್ಟುಕೊಳ್ಳಿ. ವಾರದ ದಿನವನ್ನೂ ನೋಡಿ. ಶಾಂಕ್ಸಿ ಇತಿಹಾಸ ಮ್ಯೂಸಿಯಂಗೆ ಸೋಮವಾರ ರಜೆ. ಶಿಯಾನ್ ಮ್ಯೂಸಿಯಂಗೆ ಮಂಗಳವಾರ ರಜೆ. ಬುಧವಾರ ಮಧ್ಯಾಹ್ನ ಇಳಿದು ಭಾನುವಾರ ಹೊರಟರೆ ಎರಡೂ ತೊಂದರೆ ತಪ್ಪುತ್ತವೆ.

ಹಂತ 2: ಪಾಸ್‌ಪೋರ್ಟಿನ ಹೆಸರು, ಆಮೇಲೆ ವೀಸಾ

ಇದು ಕನ್ನಡಿಗರಿಗೆ ವಿಶೇಷವಾದ ತಲೆನೋವು. ನಮ್ಮಲ್ಲಿ ತುಂಬಾ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಇನ್ನು ಕೆಲವರದರಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರಿನ ಹೆಸರು ಸೇರಿಕೊಂಡಿರುತ್ತದೆ. ಚೀನಾದಲ್ಲಿ ವಿಮಾನ, ರೈಲು, ಮ್ಯೂಸಿಯಂ, ಅಲಿಪೇ ಎಲ್ಲಕ್ಕೂ ಪಾಸ್‌ಪೋರ್ಟಿನ ಹೆಸರು ಮತ್ತು ಸಂಖ್ಯೆ ಕೇಳುತ್ತಾರೆ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಪೂರ್ತಿ ಹೆಸರು ಬರೆದರೆ ಯಂತ್ರ ಒಪ್ಪುವುದಿಲ್ಲ.

ಪಾಸ್‌ಪೋರ್ಟಿನ ಫೋಟೋ ಪುಟದ ತಳದಲ್ಲಿ ಬಾಣದ ಗುರುತುಗಳಿರುವ ಎರಡು ಸಾಲು ಇದೆಯಲ್ಲ, ಅಲ್ಲಿ ಹೆಸರು ಹೇಗಿದೆಯೋ ಹಾಗೇ ಎಲ್ಲ ಕಡೆ ತುಂಬಿ. ಅಕ್ಷರ, ಕ್ರಮ ಎರಡೂ ಅದೇ ಇರಲಿ. ಆ ಸಾಲನ್ನು ಫೋನಿನಲ್ಲಿ ಬರೆದಿಟ್ಟುಕೊಂಡು ಪ್ರತಿ ಸಲ ಅಲ್ಲಿಂದಲೇ ನಕಲು ಮಾಡಿ. ಸರ್‌ನೇಮ್ ಖಾಲಿ ಇದ್ದರೆ ಟಿಕೆಟ್ ಕೊಳ್ಳುವ ಮುಂಚೆ ಆ ವಿಮಾನ ಕಂಪನಿ ಅದನ್ನು ಹೇಗೆ ತುಂಬಿಸಿಕೊಳ್ಳುತ್ತದೆ ಎಂದು ಕೇಳಿ.

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಪ್ರವಾಸಿ ವೀಸಾ ಬೇಕೇ ಬೇಕು. 240 ಗಂಟೆ ವೀಸಾ ಇಲ್ಲದೆ ಇರಬಹುದು ಎಂದು ವಿಡಿಯೋಗಳಲ್ಲಿ ಕೇಳಿರುತ್ತೀರಿ. ಆ ಪಟ್ಟಿಯಲ್ಲಿ 55 ದೇಶಗಳಿವೆ, ಭಾರತ ಇಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ಇಲ್ಲಿ ಎಚ್ಚರವಾಗಿರಬೇಕು. ಅಮೆರಿಕದ ಪಾಸ್‌ಪೋರ್ಟ್ ಇದ್ದರೆ ಆ ಸೌಲಭ್ಯ ಸಿಗುತ್ತದೆ. ಆದರೆ ಬಂದ ದೇಶಕ್ಕೇ ವಾಪಸ್ ಹೋಗುವ ಹಾಗಿಲ್ಲ, ಮೂರನೇ ದೇಶಕ್ಕೆ ಹೋಗುವ ಟಿಕೆಟ್ ತೋರಿಸಬೇಕು. ಗ್ರೀನ್ ಕಾರ್ಡ್ ಇದ್ದು ಪಾಸ್‌ಪೋರ್ಟ್ ಭಾರತದ್ದೇ ಆಗಿದ್ದರೆ ವೀಸಾ ಮಾಡಿಸಲೇಬೇಕು.

ಅರ್ಜಿಯ ಜೊತೆ ಹೋಗಿಬರುವ ಟಿಕೆಟ್, ಹೋಟೆಲ್ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಆದ್ದರಿಂದ ರದ್ದು ಮಾಡಬಹುದಾದ ಬುಕಿಂಗ್‌ಗಳನ್ನೇ ಮೊದಲು ಮಾಡಿ. ಫೋಟೋ ಅಳತೆ 33 ಮಿ.ಮೀ. ಅಗಲ, 48 ಮಿ.ಮೀ. ಎತ್ತರ, ಹಿನ್ನೆಲೆ ಬಿಳಿ. ಸ್ಟುಡಿಯೋದವರಿಗೆ ಸುಮ್ನೆ ಪಾಸ್‌ಪೋರ್ಟ್ ಸೈಜ್ ಎಂದರೆ 35ಕ್ಕೆ 45 ಮಾಡಿಕೊಡುತ್ತಾರೆ. ಅಳತೆಯನ್ನು ಚೀಟಿಯಲ್ಲಿ ಬರೆದು ಕೊಡಿ.

ಹಂತ 3: ವಿಮಾನ

ಬೆಂಗಳೂರಿನಿಂದ ಶಿಯಾನ್‌ಗೆ ನೇರ ವಿಮಾನ ಇಲ್ಲ. ಕ್ವಾಲಾಲಂಪುರ, ಬ್ಯಾಂಕಾಕ್, ಸಿಂಗಪುರ, ಈ ಮೂರರಿಂದಲೂ ನೇರವಾಗಿ ಶಿಯಾನ್‌ಗೆ ಹೋಗುವ ವಿಮಾನಗಳಿವೆ. ಇಲ್ಲವಾದರೆ ಗುವಾಂಗ್‌ಜೌ ಅಥವಾ ಶಾಂಘೈಯಲ್ಲಿ ಇಳಿದು ಒಳನಾಡಿನ ವಿಮಾನ ಹಿಡಿಯಬೇಕು.

ನನ್ನ ಸಲಹೆ ಮೊದಲನೆಯದು. ಎರಡು ಟಿಕೆಟ್ ಬೇರೆ ಬೇರೆ ತೆಗೆದರೆ ನಡುವಿನ ಊರಿನಲ್ಲಿ ಲಗೇಜ್ ಬಿಡಿಸಿಕೊಂಡು ಮತ್ತೆ ಚೆಕ್ ಇನ್ ಮಾಡಬೇಕಾಗುತ್ತದೆ, ಅದಕ್ಕೆ ಆ ದೇಶದ ಪ್ರವೇಶ ನಿಯಮವೂ ಬರುತ್ತದೆ. ಒಂದೇ ಟಿಕೆಟ್‌ನಲ್ಲಿ ಇಡೀ ಪ್ರಯಾಣ ಇರಲಿ.

ಒಳನಾಡಿನ ವಿಮಾನ ಹಿಡಿಯುವವರು ಪವರ್ ಬ್ಯಾಂಕ್ ಬಗ್ಗೆ ತಿಳಿದಿರಲಿ. 2025ರ ಜೂನ್ 28ರಿಂದ ಚೀನಾದ ಒಳಗಿನ ವಿಮಾನಗಳಲ್ಲಿ 3ಸಿ ಎಂಬ ಚೀನಾದ ಸುರಕ್ಷತಾ ಮುದ್ರೆ ಇಲ್ಲದ ಪವರ್ ಬ್ಯಾಂಕ್ ಒಯ್ಯುವ ಹಾಗಿಲ್ಲ. ನಮ್ಮಲ್ಲಿ ಕೊಂಡ ಬಹಳಷ್ಟು ಪವರ್ ಬ್ಯಾಂಕ್‌ಗಳಲ್ಲಿ ಆ ಮುದ್ರೆ ಇರುವುದಿಲ್ಲ. ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ. ಟಿಕೆಟ್, ನಕ್ಷೆ, ದುಡ್ಡು ಎಲ್ಲವೂ ಫೋನಿನಲ್ಲೇ ಇರುವ ಊರಿನಲ್ಲಿ ಇದು ಸಣ್ಣ ನಷ್ಟ ಅಲ್ಲ.

ಹಂತ 4: ಫೋನ್ ಮತ್ತು ದುಡ್ಡು, ಎರಡು ವಾರ ಮುಂಚೆ

ಇಡೀ ಪ್ರವಾಸ ನಿಂತಿರುವುದು ಇದರ ಮೇಲೆ. ಹೊರಡುವ ಹಿಂದಿನ ರಾತ್ರಿ ಕೂತು ಮಾಡುವ ಕೆಲಸ ಇದಲ್ಲ.

ಮೊದಲು ಇಂಟರ್ನೆಟ್. ಚೀನಾದಲ್ಲಿ ಗೂಗಲ್, ವಾಟ್ಸಾಪ್, ಯೂಟ್ಯೂಬ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಯಾವುದೂ ತೆರೆಯುವುದಿಲ್ಲ. ಆದರೆ ಭಾರತದ ಸಿಮ್‌ಗೆ ರೋಮಿಂಗ್ ಹಾಕಿಸಿಕೊಂಡರೆ, ಅಥವಾ ವಿದೇಶ ಪ್ರಯಾಣದ ಇ-ಸಿಮ್ ಕೊಂಡರೆ, ಇವೆಲ್ಲ ಸಾಮಾನ್ಯವಾಗಿ ನಡೆಯುತ್ತವೆ. ಯಾಕೆಂದರೆ ಆ ಡೇಟಾ ಚೀನಾದ ಹೊರಗಿನ ಜಾಲದ ಮೂಲಕ ಹೋಗಿ ಬರುತ್ತದೆ. ಹೋಟೆಲ್ ವೈಫೈಗೆ ಸೇರಿದ ಕೂಡಲೇ ಮತ್ತೆ ಬಾಗಿಲು ಮುಚ್ಚುತ್ತದೆ. ಇದನ್ನು ಮನೆಯವರಿಗೂ ಹೇಳಿಟ್ಟು ಹೋಗಿ. ಮೆಸೇಜ್ ಬರಲಿಲ್ಲ ಎಂದರೆ ವೈಫೈಯಲ್ಲಿದ್ದಾನೆ, ಅಥವಾ ಇದ್ದಾಳೆ, ಅಷ್ಟೇ ಎಂದು ಅವರಿಗೆ ಗೊತ್ತಿರಲಿ.

ಇ-ಸಿಮ್ ಕೊಂಡರೂ ಭಾರತದ ಸಿಮ್ ತೆಗೆದಿಡಬೇಡಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಎಸ್ಸೆಮ್ಮೆಸ್ ಬರುವಷ್ಟಾದರೂ ರೋಮಿಂಗ್ ಚಾಲೂ ಇರಲಿ.

ಎರಡನೆಯದು ಕಾರ್ಡ್. ಯುಪಿಐ ನೆಚ್ಚಿಕೊಂಡು ಹೋಗಬೇಡಿ. ಬ್ಯಾಂಕಿನ ಆ್ಯಪ್ ತೆರೆದು ಕಾರ್ಡ್‌ನ ವಿದೇಶಿ ವ್ಯವಹಾರ ಆನ್ ಮಾಡಿ. ನಮ್ಮ ಕಾರ್ಡ್‌ಗಳಲ್ಲಿ ಇದು ಸಾಮಾನ್ಯವಾಗಿ ಆಫ್ ಇರುತ್ತದೆ. ಆನ್‌ಲೈನ್, ಅಂಗಡಿ, ಎಟಿಎಂ, ಮೂರಕ್ಕೂ ಬೇರೆ ಬೇರೆ ಗುಂಡಿಗಳಿರುತ್ತವೆ. ಮೂರನ್ನೂ ನೋಡಿ, ದಿನದ ಮಿತಿಯನ್ನೂ ನೋಡಿ. ಅಲಿಪೇಗೆ ಬೇಕಾಗುವುದು ಆನ್‌ಲೈನ್ ಗುಂಡಿ. ಅಂಗಡಿಯದ್ದನ್ನು ಮಾತ್ರ ಆನ್ ಮಾಡಿ ಹೋಗಿ ಕೈಸುಟ್ಟುಕೊಂಡವರು ಬಹಳ.

ಮೂರನೆಯದು ಅಲಿಪೇ. ಭಾರತದ ಮೊಬೈಲ್ ನಂಬರಿನಲ್ಲೇ ಖಾತೆ ತೆರೆಯಬಹುದು. ಮೊದಲು ಪಾಸ್‌ಪೋರ್ಟ್ ದೃಢೀಕರಣ ಮಾಡಿ, ಆಮೇಲೆ ಕಾರ್ಡ್ ಸೇರಿಸಿ. ಒಂದು ಕಾರ್ಡ್ ತಿರಸ್ಕಾರವಾದರೆ ಇನ್ನೊಂದು ಬ್ಯಾಂಕಿನದು ಹಾಕಿ ನೋಡಿ, ಎರಡು ಕಾರ್ಡ್ ಹೇಳಿದ್ದು ಇದಕ್ಕೇ. ವಾಟ್ಸಾಪ್‌ನಂಥ ಚೀನೀ ಆ್ಯಪ್ ವೀಚಾಟ್‌ನಲ್ಲೂ ಖಾತೆ ತೆರೆದಿಟ್ಟುಕೊಳ್ಳಿ. ಅದಕ್ಕೆ ಕೆಲವೊಮ್ಮೆ ಈಗಾಗಲೇ ವೀಚಾಟ್ ಬಳಸುತ್ತಿರುವ ಬೇರೊಬ್ಬರು ಕ್ಯೂಆರ್ ಸ್ಕ್ಯಾನ್ ಮಾಡಿ ಒಪ್ಪಿಗೆ ಕೊಡಬೇಕಾಗುತ್ತದೆ. ಅಂಥವರನ್ನು ಹುಡುಕಲು ಸಮಯ ಬೇಕಲ್ವಾ, ಅದಕ್ಕೇ ಎರಡು ವಾರ.

ಅಲಿಪೇಯಲ್ಲಿ 200 ಯುವಾನ್‌ವರೆಗಿನ ಪಾವತಿಗೆ ಶುಲ್ಕ ಇಲ್ಲ, ಅದಕ್ಕಿಂತ ಜಾಸ್ತಿಯಾದರೆ ವಿದೇಶಿ ಕಾರ್ಡ್‌ಗೆ 3% ಬೀಳುತ್ತದೆ. ಒಂದು ಯುವಾನ್ ಎಂದರೆ ಅಂದಾಜು 12–13 ರೂಪಾಯಿ. ಬೀದಿಯಲ್ಲಿ ಅದನ್ನು ಕ್ವಾಯ್ ಎನ್ನುತ್ತಾರೆ.

ನಾಲ್ಕನೆಯದು ನಕ್ಷೆ ಮತ್ತು ಭಾಷೆ. ಗೂಗಲ್ ನಕ್ಷೆ ತೆರೆದರೂ ಅಲ್ಲಿ ಜಾಗಗಳು ಸರಿದು ಕಾಣುತ್ತವೆ. ಅಲ್ಲಿನವರು ಬಳಸುವ ಆ್ಯಮ್ಯಾಪ್ ಹಾಕಿಕೊಳ್ಳಿ. ಐಫೋನ್ ಇದ್ದರೆ ಅದರದೇ ನಕ್ಷೆ ಸಾಕು. ಅನುವಾದದ ಆ್ಯಪ್‌ನಲ್ಲಿ ಚೀನೀ ಭಾಷೆಯನ್ನು ಇಂಟರ್ನೆಟ್ ಇಲ್ಲದೆಯೂ ನಡೆಯುವ ಹಾಗೆ ಇಳಿಸಿಟ್ಟುಕೊಳ್ಳಿ. ಉದ್ದ ವಾಕ್ಯ ಬೇಡ, ಸಣ್ಣ ಸಣ್ಣ ವಾಕ್ಯ ಹಾಕಿ. ಅನುವಾದ ಸರಿಯಾಗಿ ಬರುತ್ತದೆ.

ಹಂತ 5: ಹೋಟೆಲ್

ಕೋಟೆ ಗೋಡೆಯ ಒಳಗೆ, ಗಂಟೆ ಗೋಪುರ ಮತ್ತು ದಕ್ಷಿಣ ಬಾಗಿಲಿನ ನಡುವೆ ಇರಿ. ಮೆಟ್ರೋ 2ನೇ ಲೈನಿನ ಜೊಂಗ್‌ಲೌ ಅಥವಾ ಯೊಂಗ್‌ನಿಂಗ್‌ಮೆನ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ಅಗ್ಗಕ್ಕೆ ಸಿಕ್ಕಿತೆಂದು ಊರ ಹೊರಗೆ ಉಳಿದರೆ ದಿನಕ್ಕೆ ಎರಡು ಗಂಟೆ ದಾರಿಗೇ ಹೋಗುತ್ತದೆ.

ವಿದೇಶಿಯರು ಎಲ್ಲಿ ಉಳಿದಿದ್ದಾರೆಂದು 24 ಗಂಟೆಯೊಳಗೆ ಪೊಲೀಸರಿಗೆ ದಾಖಲಾಗಬೇಕು. ಹೋಟೆಲ್‌ನವರು ಅದನ್ನು ತಾವೇ ಮಾಡುತ್ತಾರೆ. ಆದರೆ ಕೆಲವು ಸಣ್ಣ ಹೋಟೆಲ್‌ಗಳಿಗೆ ಆ ಅಭ್ಯಾಸ ಇಲ್ಲದೆ ಬಾಗಿಲಲ್ಲೇ ವಾಪಸ್ ಕಳಿಸುವುದುಂಟು. ಬುಕ್ ಮಾಡಿದ ದಿನವೇ ಭಾರತೀಯ ಪಾಸ್‌ಪೋರ್ಟ್ ಇರುವವರನ್ನು ಸೇರಿಸುತ್ತೀರಾ ಎಂದು ಮೆಸೇಜ್ ಹಾಕಿ ಉತ್ತರ ತರಿಸಿಕೊಳ್ಳಿ. ಪರಿಚಯದವರ ಮನೆಯಲ್ಲಿ ಉಳಿದರೆ ಅವರ ಜೊತೆ ನೀವೇ ಪೊಲೀಸ್ ಠಾಣೆಗೆ ಹೋಗಿ ದಾಖಲಿಸಬೇಕು.

ಹೋಟೆಲ್‌ನ ಹೆಸರು, ವಿಳಾಸ ಚೀನೀ ಅಕ್ಷರದಲ್ಲಿರುವ ಚಿತ್ರವೊಂದನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಕಾಗದದಲ್ಲೂ ಒಂದು ಪ್ರತಿ ಇರಲಿ.

ಹಂತ 6: ಟಿಕೆಟ್‌ಗಳು

ಇಲ್ಲಿ ಬಾಗಿಲಲ್ಲಿ ಟಿಕೆಟ್ ಕೊಂಡರಾಯಿತು ಎಂಬ ಲೆಕ್ಕ ನಡೆಯುವುದಿಲ್ಲ. ಟೆರಾಕೋಟಾ ಸೈನ್ಯದ ಟಿಕೆಟ್ 120 ಯುವಾನ್. ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು, ದಿನಾಂಕ ಮತ್ತು ಹೊತ್ತು ಆರಿಸಿ ಮುಂಚೆಯೇ ಕಾಯ್ದಿರಿಸಬೇಕು. ಮ್ಯೂಸಿಯಂನ ವೀಚಾಟ್ ಪುಟದಲ್ಲಿ ಸಾಧ್ಯ. ಅದು ಕಷ್ಟವಾದರೆ ಟ್ರಿಪ್ ಡಾಟ್ ಕಾಮ್‌ನಂಥ ಕಡೆಯೂ ಸಿಗುತ್ತದೆ. ಆದರೆ ಅಲ್ಲಿ ಗೈಡ್, ಬಸ್ ಸೇರಿಸಿದ ದುಬಾರಿ ಪ್ಯಾಕೇಜ್‌ಗಳೂ ಕಾಣುತ್ತವೆ. ಪ್ರವೇಶ ಟಿಕೆಟ್ ಮಾತ್ರ ಎಂದಿರುವುದನ್ನು ಹುಡುಕಿ.

ಶಾಂಕ್ಸಿ ಇತಿಹಾಸ ಮ್ಯೂಸಿಯಂಗೆ ದುಡ್ಡಿಲ್ಲ, ಅದಕ್ಕೇ ಅಲ್ಲಿ ನೂಕುನುಗ್ಗಲು ಜಾಸ್ತಿ. ಕೆಲವು ದಿನ ಮುಂಚೆ ಬುಕಿಂಗ್ ತೆರೆಯುತ್ತದೆ, ನೋಡನೋಡುತ್ತಾ ಮುಗಿದುಹೋಗುತ್ತದೆ. ಚೀನಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಸಿಗದಿದ್ದರೆ ಕೊರಗಬೇಡಿ. ಸಣ್ಣ ಹಂಸ ಗೋಪುರದ ಆವರಣದಲ್ಲಿರುವ ಶಿಯಾನ್ ಮ್ಯೂಸಿಯಂಗೂ ಪ್ರವೇಶ ಉಚಿತ, ಅದನ್ನೂ ಮುಂಚೆ ಬುಕ್ ಮಾಡಬೇಕು. ಜನ ಕಡಿಮೆ, ಮರಗಳ ನೆರಳಿದೆ. ನನಗಂತೂ ಆ ಆವರಣವೇ ಹೆಚ್ಚು ಇಷ್ಟ.

ಹಂತ 7: ಇಳಿದ ಮೊದಲ ಎರಡು ಗಂಟೆ

ಇಮಿಗ್ರೇಷನ್‌ನಲ್ಲಿ ಕೇಳುವ ಪ್ರವೇಶ ಚೀಟಿಯನ್ನು ಈಗ ಮುಂಚೆಯೇ ಆನ್‌ಲೈನ್‌ನಲ್ಲಿ ತುಂಬಬಹುದು. ಇಮಿಗ್ರೇಷನ್ ಮುಗಿಸಿ ಹೊರಬಂದವರೇ ಟ್ಯಾಕ್ಸಿಗೆ ಓಡಬೇಡಿ. ಅಲ್ಲೇ ಒಂದು ಅಂಗಡಿಯಲ್ಲಿ ನೀರಿನ ಬಾಟಲಿ ಕೊಂಡು ಅಲಿಪೇಯಲ್ಲಿ ದುಡ್ಡು ಕೊಡಿ. ಇದೇ ಪರೀಕ್ಷೆ. ನಡೆಯಿತು ಎಂದರೆ ಅರ್ಧ ಭಾರ ಇಳಿಯಿತು. ನಡೆಯದಿದ್ದರೆ ವಿಮಾನ ನಿಲ್ದಾಣ ಬಿಡಬೇಡಿ, ಇನ್ನೊಂದು ಕಾರ್ಡ್ ಹಾಕಿ ನೋಡಿ.

ನಡೆದರೂ ಎಟಿಎಂನಿಂದ 500 ಯುವಾನ್ ತೆಗೆದುಕೊಳ್ಳಿ. ಸಣ್ಣ ಅಂಗಡಿಯವರು ಗೋಡೆಗೆ ಅಂಟಿಸಿದ ತಮ್ಮ ಸ್ವಂತ ಕ್ಯೂಆರ್‌ಗೆ ವಿದೇಶಿ ಕಾರ್ಡ್‌ನಿಂದ ದುಡ್ಡು ಕೆಲವೊಮ್ಮೆ ಹೋಗುವುದಿಲ್ಲ. ಆಗ ನಿಮ್ಮ ಫೋನಿನ ಪಾವತಿ ಕೋಡ್ ತೋರಿಸಿ, ಅವರಿಂದ ಸ್ಕ್ಯಾನ್ ಮಾಡಿಸಿ ನೋಡಿ. ಅದೂ ಆಗದಿದ್ದರೆ ನೋಟು ಕೊಡಿ. ನೂರರ ನೋಟನ್ನು ಮೊದಲೇ ಚಿಲ್ಲರೆ ಮಾಡಿಸಿಕೊಂಡಿರಿ.

ವಿಮಾನ ನಿಲ್ದಾಣ ಇರುವುದು ಪಕ್ಕದ ಶಿಯಾನ್‌ಯಾಂಗ್ ನಗರದ ಕಡೆ, ಊರ ನಡುವಿನಿಂದ ಸುಮಾರು 40 ಕಿ.ಮೀ. ದೂರ. ಮೆಟ್ರೋ 14ನೇ ಲೈನ್ ಹಿಡಿದು ಬೇಕೆಜಾನ್‌ನಲ್ಲಿ ಇಳಿದು, 2ನೇ ಲೈನಿಗೆ ಬದಲಾಯಿಸಿ ಜೊಂಗ್‌ಲೌಗೆ ಹೋಗಿ. ಪ್ರತಿ ಮೆಟ್ರೋ ನಿಲ್ದಾಣದಲ್ಲೂ ಬ್ಯಾಗ್ ತಪಾಸಣೆ ಇದೆ. ಟಿಕೆಟ್‌ಗೆ ಅಲಿಪೇಯ ಸಾರಿಗೆ ವಿಭಾಗದಲ್ಲಿ ಶಿಯಾನ್ ಆರಿಸಿ ಕ್ಯೂಆರ್ ತೋರಿಸಿ. ಹತ್ತಿದ ಕೋಡ್‌ನಲ್ಲೇ ಇಳಿಯಬೇಕು.

ಅಗ್ಗದ ವಿಮಾನಗಳು ನಡುರಾತ್ರಿ ಇಳಿಸುವುದೂ ಉಂಟು. ಆಗ ಮೆಟ್ರೋ ಇರುವುದಿಲ್ಲ. ಅಲಿಪೇ ಒಳಗಿರುವ ದೀದಿ ಎಂಬ ಟ್ಯಾಕ್ಸಿ ಸೇವೆಯಲ್ಲಿ ಕಾರು ಕರೆಯಿರಿ. ನೀವು ಹತ್ತಿದ ಕೂಡಲೇ ಚಾಲಕರು ಏನೋ ಕೇಳುತ್ತಾರೆ. ಬಹಳ ಸಲ ಅದು ನಿಮ್ಮ ಮೊಬೈಲ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ. ಫೋನಿನಲ್ಲಿ ತೋರಿಸಿದರೆ ಸಾಕು.

ಹಂತ 8: ಮೊದಲ ದಿನ, ಮಣ್ಣಿನ ಸೈನಿಕರು

ಇದನ್ನು ಮೊದಲ ಪೂರ್ತಿ ದಿನಕ್ಕೇ ಇಡಿ. ಮಳೆ, ಜ್ವರ, ಟಿಕೆಟ್ ಗೊಂದಲ ಏನೇ ಆದರೂ ಇನ್ನೆರಡು ದಿನ ಕೈಯಲ್ಲಿರುತ್ತವೆ. ಕೊನೆಯ ದಿನಕ್ಕೆ ಇಟ್ಟುಕೊಂಡವರು ನೋಡದೆಯೇ ವಾಪಸ್ ಬಂದಿದ್ದಾರೆ.

ಜಾಗ ಇರುವುದು ಊರಿಂದ ಪೂರ್ವಕ್ಕೆ ಲಿನ್‌ಟೊಂಗ್‌ನಲ್ಲಿ. ಜೊಂಗ್‌ಲೌನಿಂದ 2ನೇ ಲೈನಿನಲ್ಲಿ ಒಂದು ನಿಲ್ದಾಣ ಹೋಗಿ ಬೇದಾಜಿಯೆಯಲ್ಲಿ ಇಳಿಯಿರಿ. ಅಲ್ಲಿಂದ 1ನೇ ಲೈನಿನಲ್ಲಿ ಫಾಂಗ್‌ಜಿಚೆಂಗ್. ಅಲ್ಲಿಂದ 9ನೇ ಲೈನಿನಲ್ಲಿ ಹ್ವಾಚಿಂಗ್‌ಚಿ. ಹೊರಗೆ ಬಂದು ನಗರ ಬಸ್ ಅಥವಾ ದೀದಿ. ಒಟ್ಟು ಎರಡು ಗಂಟೆ ಇಟ್ಟುಕೊಳ್ಳಿ. ಬಾಗಿಲು ಬೆಳಿಗ್ಗೆ 8:30ಕ್ಕೆ ತೆರೆಯುತ್ತದೆ, ಆದ್ದರಿಂದ ಆರೂವರೆಗೆ ಹೋಟೆಲ್ ಬಿಡಿ. ಪಾಸ್‌ಪೋರ್ಟ್ ಮೂಲಪ್ರತಿಯೇ ಬೇಕು, ಫೋಟೋ ನಡೆಯುವುದಿಲ್ಲ. ಕಳೆದುಹೋದೀತೆಂದು ಹೋಟೆಲ್‌ನಲ್ಲೇ ಇಟ್ಟು ಬರುವುದು ಬಹಳ ಜನ ಮಾಡುವ ತಪ್ಪು.

ಒಳಗೆ ಮೂರು ಗುಂಡಿಗಳು. 1ನೆಯದು ದೊಡ್ಡದು, 230 ಮೀಟರ್ ಉದ್ದ, 62 ಮೀಟರ್ ಅಗಲ. ಫೋಟೋಗಳಲ್ಲಿ ನೀವು ನೋಡಿರುವ ಸಾಲು ಸಾಲು ಸೈನಿಕರು ಇರುವುದು ಇಲ್ಲೇ. 3, 2, 1ರ ಕ್ರಮದಲ್ಲಿ ನೋಡಿದರೆ ಚೆನ್ನಾಗಿರುತ್ತದೆ ಎನ್ನುವವರಿದ್ದಾರೆ. ಬಾಗಿಲು ತೆರೆಯುವ ಹೊತ್ತಿಗೇ ಹೋದವರು ಹಾಗೆ ಮಾಡಬೇಡಿ. ನೇರ 1ಕ್ಕೆ ನಡೆಯಿರಿ. ಗುಂಪು ಪ್ರವಾಸದ ಬಸ್‌ಗಳು ಬರುವ ತನಕ ಕಟಕಟೆಯ ಹತ್ತಿರ ನೆಮ್ಮದಿಯಾಗಿ ನಿಲ್ಲಬಹುದು. ಮುಂಭಾಗದಲ್ಲೇ ನಿಂತು ಫೋಟೋ ತೆಗೆದು ಹೊರಡಬೇಡಿ. ಪಕ್ಕದ ದಾರಿಯಲ್ಲಿ ಹಿಂದಿನವರೆಗೂ ಹೋಗಿ. ಒಡೆದ ಸೈನಿಕರನ್ನು ಚೂರು ಚೂರಾಗಿ ಜೋಡಿಸಿ ನಿಲ್ಲಿಸಿರುವುದು ಆ ಕಡೆ ಕಾಣುತ್ತದೆ. ಆಮೇಲೆ 3, ಕೊನೆಗೆ 2. ಎರಡನೆಯದರಲ್ಲಿ ಬೆಳಕು ಮಂದ, ಬಹುಭಾಗ ಇನ್ನೂ ಅಗೆದಿಲ್ಲ. ಗಾಜಿನ ಪೆಟ್ಟಿಗೆಗಳಲ್ಲಿಟ್ಟ ಸೈನಿಕರನ್ನು ಮಾತ್ರ ಹತ್ತಿರದಿಂದ ನೋಡಿ. ಕೂದಲಿನ ಎಳೆ, ಬೂಟಿನ ತಳದ ಹೊಲಿಗೆ ಕೂಡ ಗೊತ್ತಾಗುತ್ತದೆ.

ಇಲ್ಲಿಗೆ ಮುಗಿಯಿತೆಂದು ವಾಪಸ್ ಹೊರಡುವವರೇ ಜಾಸ್ತಿ. ಅದೇ ಟಿಕೆಟ್‌ನಲ್ಲಿ ಲೀಶಾನ್ ಉದ್ಯಾನವೂ ಸೇರಿದೆ, ಉಚಿತ ಬಸ್ ಇದೆ. ಈ ಸೈನ್ಯ ಮಾಡಿಸಿದ ಚಕ್ರವರ್ತಿ ಚಿನ್ ಶಿ ಹ್ವಾಂಗ್‌ನ ಸಮಾಧಿ ದಿಬ್ಬ ಅಲ್ಲಿದೆ. 2021ರಲ್ಲಿ ತೆರೆದ ಕಂಚಿನ ರಥಗಳ ಮ್ಯೂಸಿಯಂ ಕೂಡ ಅಲ್ಲೇ. ಆ ರಥಗಳನ್ನು ಬಿಟ್ಟು ಬರಬೇಡಿ ಎಂದು ಕೈಹಿಡಿದು ಹೇಳುತ್ತೇನೆ. ಕುದುರೆಯ ಲಗಾಮಿನ ಕೊಂಡಿಗಳನ್ನು ನೋಡುತ್ತಾ ನಾನು ಅರ್ಧ ಗಂಟೆ ನಿಂತಿದ್ದೆ.

ಎಚ್ಚರಿಕೆಯ ಗುರುತುಗಳು: ಹ್ವಾಚಿಂಗ್‌ಚಿ ನಿಲ್ದಾಣದ ಹೊರಗೆ ಬಸ್ ನಿಂತಿದೆ, ಬನ್ನಿ ಎಂದು ಕರೆಯುವವರು. ಹಳೆ ರೈಲು ನಿಲ್ದಾಣದ ಹತ್ತಿರ ಪ್ರವಾಸಿ ಬಸ್‌ನ ಸಂಖ್ಯೆಯನ್ನೇ ಹಚ್ಚಿಕೊಂಡು ನಿಂತ ಖಾಸಗಿ ಬಸ್‌ಗಳು. ದಾರಿಯಲ್ಲಿ ಐದು ನಿಮಿಷ ಗೊಂಬೆ ಕಾರ್ಖಾನೆ ನೋಡೋಣ ಎನ್ನುವ ಚಾಲಕರು. ಇಂಥ ಮಾತು ಕೇಳಿದ ಕೂಡಲೇ ಬೇಡ ಎಂದು ಮುಂದೆ ನಡೆಯಿರಿ. ನಿಂತು ಮಾತಿಗೆ ಇಳಿಯಬೇಡಿ.

ಹಂತ 9: ಎರಡನೇ ದಿನ, ಗೋಡೆ ಮತ್ತು ಹಳೆ ಬೀದಿಗಳು

ಬೆಳಿಗ್ಗೆ ಬೇಗ ದಕ್ಷಿಣ ಬಾಗಿಲಿನಿಂದ ಗೋಡೆ ಹತ್ತಿ. ಟಿಕೆಟ್ 54 ಯುವಾನ್. ಗೋಡೆ 12 ಮೀಟರ್ ಎತ್ತರ, ಸುತ್ತಳತೆ 13.7 ಕಿ.ಮೀ. ಮೇಲೆ ಸೈಕಲ್ ಬಾಡಿಗೆಗೆ ಸಿಗುತ್ತದೆ. ಫೋಟೋಗೆ ನಿಲ್ಲುತ್ತಾ ಹೋದರೆ ಪೂರ್ತಿ ಸುತ್ತಿಗೆ ಎರಡು ಗಂಟೆ. ಸೈಕಲ್ ತೆಗೆದುಕೊಳ್ಳುವಾಗ ಬ್ರೇಕ್ ಹಿಡಿದು ನೋಡಿ, ಸೀಟು ಎತ್ತರ ಸರಿ ಮಾಡಿಸಿ. ಇಟ್ಟಿಗೆಯ ನೆಲ ತುಂಬಾ ಕುಲುಕುತ್ತದೆ, ಸೊಂಟ ನೋವಿರುವವರು ಕಾಲು ಭಾಗ ಸಾಕು ಎಂದುಕೊಳ್ಳಿ. ಮಳೆ ಬಂದರೆ ಸೈಕಲ್ ಕೊಡುವುದಿಲ್ಲ. ನೆರಳು ಬಹಳ ಕಡಿಮೆ, ಬೇಸಿಗೆಯಲ್ಲಿ ಹತ್ತು ಗಂಟೆಯೊಳಗೆ ಇಳಿದುಬಿಡಿ.

ಮಧ್ಯಾಹ್ನ ಬುಕ್ ಮಾಡಿದ ಮ್ಯೂಸಿಯಂ. ಸಂಜೆ ನಗಾರಿ ಗೋಪುರದ ಹಿಂದಿನ ಮುಸ್ಲಿಂ ಬಡಾವಣೆ. ಮುಖ್ಯ ಬೀದಿ ಪ್ರವಾಸಿಗರಿಗೆಂದೇ ಆಗಿಹೋಗಿದೆ. ಒಂದು ಸಲ ನಡೆದು ನೋಡಿ, ತಿನ್ನಲು ಅಲ್ಲಿ ನಿಲ್ಲಬೇಡಿ. ಪಕ್ಕದ ದಾಪಿಯುವಾನ್ ಓಣಿಗೋ, 1ನೇ ಲೈನಿನ ಸಾಜಿನ್‌ಚಿಯಾವ್ ನಿಲ್ದಾಣದ ಕಡೆಗೋ ಹೋಗಿ. ಊರಿನವರು ತಿನ್ನುವುದು ಆ ಕಡೆ.

ಸಸ್ಯಾಹಾರಿಗಳ ಊಟ

ಇದನ್ನು ಹಂತವಾಗಿ ಬರೆಯಲಿಲ್ಲ, ಯಾಕೆಂದರೆ ಮೂರು ಹೊತ್ತೂ ಬೇಕಾಗುವ ವಿಷಯ. ಶಿಯಾನ್ ಗೋಧಿಯ ನಾಡು, ನಮಗೆ ಒಗ್ಗುವ ಖಾರ ಇದೆ. ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ.

ಯೋಪೋಮ್ಯಾನ್ ಎಂದರೆ ಅಗಲವಾದ ಗೋಧಿ ನೂಡಲ್ಸ್. ಮೇಲೆ ಖಾರದ ಪುಡಿ, ಬೆಳ್ಳುಳ್ಳಿ ಹಾಕಿ ಕಾದ ಎಣ್ಣೆ ಸುರಿಯುತ್ತಾರೆ. ನಮ್ಮ ಒಗ್ಗರಣೆಯದೇ ಚುರ್ ಸದ್ದು. ಲ್ಯಾಂಗ್‌ಪಿ ತಣ್ಣಗಿನ ನೂಡಲ್ಸ್, ಸೌತೆಕಾಯಿ, ಮೊಳಕೆ, ವಿನೆಗರ್, ಖಾರದ ಎಣ್ಣೆ. ಎರಡರಲ್ಲೂ ಸಾಮಾನ್ಯವಾಗಿ ಮಾಂಸ ಇರುವುದಿಲ್ಲ. ಬೆಳಿಗ್ಗೆ ಜೆಂಗ್‌ಗಾವ್ ಸಿಗುತ್ತದೆ, ಅಂಟಕ್ಕಿಗೆ ಕೆಂಪು ಬೋರೆಹಣ್ಣು, ಕಾಳು ಹಾಕಿ ಬೇಯಿಸಿದ ಸಿಹಿ. ಬಿಯಾಂಗ್‌ಬಿಯಾಂಗ್ ನೂಡಲ್ಸ್ ಮೇಲೆ ಕೊಚ್ಚಿದ ಮಾಂಸ ಹಾಕುವುದುಂಟು, ಕೇಳಿ ತಿನ್ನಿ. ರೌಜಿಯಾಮೊ, ಪಾವ್‌ಮೊ ಎರಡೂ ಮಾಂಸದ ತಿಂಡಿಗಳು.

ಸಾಮಾನ್ಯ ತಪ್ಪು ಏನೆಂದರೆ ಮಾಂಸ ಬೇಡ ಎಂದಷ್ಟೇ ಹೇಳುವುದು. ಮಾಂಸ ಎನ್ನಲು ಅವರು ಹೇಳುವ ರೌ ಎಂಬ ಪದಕ್ಕೆ ಬಹಳ ಕಡೆ ಹಂದಿಮಾಂಸ ಎಂದೇ ಅರ್ಥ. ತುಂಡು ತೆಗೆದು ಅದೇ ಸಾರು ಬಡಿಸಿಬಿಡುತ್ತಾರೆ. ನಾನು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ, ಮಾಂಸ ಬೇಯಿಸಿದ ಸಾರು, ಪ್ರಾಣಿ ಕೊಬ್ಬು ಕೂಡ ಬೇಡ ಎಂದು ಚೀನೀ ಅಕ್ಷರದಲ್ಲಿ ಬರೆಸಿ ಚಿತ್ರ ಮಾಡಿಟ್ಟುಕೊಳ್ಳಿ, ದುಡ್ಡು ಕೊಡುವ ಮುಂಚೆ ತೋರಿಸಿ. ಬಾಯಲ್ಲಿ ಹೇಳುವುದಾದರೆ ವೊ ಛಿ ಸು, ಅಂದರೆ ನಾನು ಸಸ್ಯಾಹಾರಿ. ದನದ ಮಾಂಸ ತಿನ್ನದವರು ನ್ಯುರೌ ಎಂಬ ಪದ ನೆನಪಿಟ್ಟುಕೊಳ್ಳಿ. ಮುಸ್ಲಿಂ ಬಡಾವಣೆಯಲ್ಲಿ ಹಂದಿ ಇಲ್ಲ, ದನ ಮತ್ತು ಕುರಿ ಎರಡೂ ಧಾರಾಳ.

ಪ್ರತಿ ಹೋಟೆಲ್ ಕೋಣೆಯಲ್ಲೂ ನೀರು ಕಾಯಿಸುವ ಕೆಟಲ್ ಇರುತ್ತದೆ. ಬಿಸಿನೀರು ಹಾಕಿದರೆ ಆಗುವ ಅವಲಕ್ಕಿ, ಉಪ್ಪಿಟ್ಟಿನ ಪೊಟ್ಟಣ ನಾಲ್ಕೈದು, ಸ್ವಲ್ಪ ಚಟ್ನಿಪುಡಿ ಇಟ್ಟುಕೊಳ್ಳಿ. ಹಣ್ಣು, ಹಾಲಿನ ಪದಾರ್ಥ, ಮಾಂಸ ಒಯ್ಯಬೇಡಿ, ಕಸ್ಟಮ್ಸ್‌ನಲ್ಲಿ ತೆಗೆಸುತ್ತಾರೆ. ನಲ್ಲಿ ನೀರು ಕುಡಿಯಬೇಡಿ.

ಹಂತ 10: ಮೂರನೇ ದಿನ ಮತ್ತು ಹೊರಡುವುದು

ದೊಡ್ಡ ಹಂಸ ಗೋಪುರಕ್ಕೆ 3 ಅಥವಾ 4ನೇ ಲೈನಿನ ದಾಯಾನ್‌ಟಾ ನಿಲ್ದಾಣ. ಶಾಲೆಯಲ್ಲಿ ಇಮ್ಮಡಿ ಪುಲಕೇಶಿಯ ಪಾಠದಲ್ಲಿ ಓದಿದ ಹ್ಯೂಯೆನ್ ತ್ಸಾಂಗ್ ಭಾರತದಿಂದ ತಂದ ಗ್ರಂಥಗಳನ್ನು ಇಡಲೆಂದೇ 652ರಲ್ಲಿ ಇದನ್ನು ಕಟ್ಟಿದರು. ದಕ್ಷಿಣದ ಅಂಗಳದಲ್ಲಿ ಅವನ ಪ್ರತಿಮೆ ನಿಂತಿದೆ. ಗೋಪುರ ಇರುವ ಬೌದ್ಧ ಮಠದ ಒಳಗೆ ಹೋಗಲು ಒಂದು ಟಿಕೆಟ್, ಗೋಪುರ ಹತ್ತಲು ಇನ್ನೊಂದು. ಒಳಗಿನ ಅಂಗಳವೇ ಸಾಕು, ಹತ್ತುವುದು ಬಿಟ್ಟರೂ ನಷ್ಟವಿಲ್ಲ. ಗೋಪುರದ ದಕ್ಷಿಣಕ್ಕೆ ರಾತ್ರಿ ದೀಪಗಳಿಂದ ಹೊಳೆಯುವ ಬೀದಿ ನೋಡಬೇಕೆಂದರೆ ಮಧ್ಯಾಹ್ನದ ನಂತರ ಹೋಗಿ ಕತ್ತಲಾಗುವ ತನಕ ಅಲ್ಲೇ ಇರಿ.

ಒಬ್ಬರೇ ಅಡ್ಡಾಡುವಾಗ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾ ತಾವೇ ಬಂದು, ಟೀ ಕುಡಿಯೋಣ, ಚಿತ್ರಕಲಾ ಪ್ರದರ್ಶನ ನೋಡೋಣ ಎಂದು ಕರೆದರೆ ಹೋಗಬೇಡಿ. ಬಿಲ್ ಸಾವಿರಾರು ಯುವಾನ್ ಆಗುತ್ತದೆ. ದಾರಿ ಕೇಳಿದರೆ ಸಹಾಯ ಮಾಡುವವರು ಬೇರೆ, ಕೇಳದೆ ಬರುವವರು ಬೇರೆ. ಪೊಲೀಸ್ 110, ಆಂಬುಲೆನ್ಸ್ 120, ಬೆಂಕಿಗೆ 119, ಇವು ಫೋನಿನಲ್ಲಿರಲಿ.

ಹೊರಡುವ ಹಿಂದಿನ ರಾತ್ರಿ ಟಿಕೆಟ್‌ನಲ್ಲಿ ಟರ್ಮಿನಲ್ ಸಂಖ್ಯೆ ನೋಡಿ. 5ನೇ ಟರ್ಮಿನಲ್ ತೆರೆದದ್ದು 2025ರಲ್ಲಿ, ಹಳೆ ವಿಡಿಯೋಗಳಲ್ಲಿ ಅದು ಇರುವುದೇ ಇಲ್ಲ. ಮೆಟ್ರೋದಲ್ಲಿ ಅದಕ್ಕೆ ಬೇರೆ ನಿಲ್ದಾಣ ಇದೆ, ತಪ್ಪಿ ಇಳಿದರೆ ಅರ್ಧ ಗಂಟೆ ಹೋಗುತ್ತದೆ. ಹೋಟೆಲ್‌ಗೆ ಕಟ್ಟಿದ ಮುಂಗಡ ವಾಪಸ್ ಬಂತಾ ಎಂದು ಕೌಂಟರ್‌ನಲ್ಲೇ ನಿಂತು ನೋಡಿಕೊಳ್ಳಿ. ವಿಮಾನಕ್ಕೆ ಮೂರು ಗಂಟೆ ಮುಂಚೆ ತಲುಪುವ ಹಾಗೆ ಹೊರಡಿ. ಉಳಿದ ನೋಟುಗಳನ್ನು ವಿಮಾನ ನಿಲ್ದಾಣದ ಅಂಗಡಿಯಲ್ಲಿ ಖರ್ಚು ಮಾಡಿ, ಊರಿಗೆ ಬಂದ ದಿನವೇ ಕಾರ್ಡ್‌ನ ವಿದೇಶಿ ವ್ಯವಹಾರದ ಮೂರೂ ಗುಂಡಿಗಳನ್ನು ಆಫ್ ಮಾಡಿ.